ರೌಡಿಯೊಬ್ಬ ಅಕ್ಷರ ಕಲಿತ ಕಥೆ: 1915ರ ಮೂಕಿಚಿತ್ರ ‘ರೀಜನರೇಷನ್’

ಕೆಟ್ಟ ದಾರಿ ಹಿಡಿದವನು ಸರಿದಾರಿಗೆ ಬರುವ ಕಥೆಗಳನ್ನು ನಾವು ಚಿಕ್ಕಂದಿನಿಂದಲೂ ಕೇಳಿದ್ದೇವೆ. ಅಂಗುಲಿಮಾಲ ಬುದ್ಧನ ಎದುರು ನಿಂತ, ಕತ್ತಿ ಕೆಳಗಿಟ್ಟ, ಭಿಕ್ಷುವಾದ. ಬದಲಾವಣೆ ಅಲ್ಲಿ ಒಂದೇ ಗಳಿಗೆಯ ಕೆಲಸ. ಆದರೆ ಬದುಕಿನಲ್ಲಿ ಹಾಗಾಗುವುದು ಅಪರೂಪ. ಕೈಬಿಟ್ಟ ಸಹವಾಸ ಮತ್ತೆ ಬಾಗಿಲು ತಟ್ಟುತ್ತದೆ, ಹಳೆಯ ಋಣಗಳು ಹಿಂಬಾಲಿಸುತ್ತವೆ. ಈ ಎಳೆದಾಟವನ್ನು ನೂರು ವರ್ಷಕ್ಕೂ ಹಿಂದೆ, ಒಂದೇ ಒಂದು ಮಾತೂ ಕೇಳಿಸದ ಚಿತ್ರವೊಂದು ಹಿಡಿದಿಟ್ಟಿದೆ. ಅದು 1915ರ ಸೆಪ್ಟೆಂಬರಿನಲ್ಲಿ ಅಮೆರಿಕದಲ್ಲಿ ತೆರೆಕಂಡ ‘ರೀಜನರೇಷನ್’, ಅಂದರೆ ಮರುಹುಟ್ಟು. ಬಹುಕಾಲ ಕಳೆದೇಹೋಗಿದೆ ಎಂದು ಎಲ್ಲರೂ ಕೈಬಿಟ್ಟಿದ್ದ ಚಿತ್ರ.

ನಿರ್ದೇಶಕ ರಾವುಲ್ ವಾಲ್ಶ್ ಅವರಿಗೆ ಆಗ 28 ವರ್ಷ. ನಿರ್ಮಿಸಿದ ಫಾಕ್ಸ್ ಫಿಲ್ಮ್ ಕಾರ್ಪೊರೇಷನ್ ಹುಟ್ಟಿದ್ದು ಅದೇ ವರ್ಷ. ನಾಯಕ ಓವನ್ ಆಗಿ ನಟಿಸಿದವರು ರಾಕ್ಲಿಫ್ ಫೆಲೋಸ್, ಮೇರಿ ಎಂಬ ಯುವತಿಯಾಗಿ ಸ್ವೀಡನ್ನಿನಿಂದ ಬಂದ ಆನಾ ಕ್ಯೂ. ನಿಲ್ಸನ್. ಗ್ಯಾಂಗ್‌ಸ್ಟರ್ ಬದುಕನ್ನು ಪೂರ್ಣ ಪ್ರಮಾಣದ ಕಥಾಚಿತ್ರವಾಗಿ ತೋರಿಸಿದ ಮೊದಲನೆಯದು ಇದೇ ಎಂದು ಹಲವರು ಹೇಳುತ್ತಾರೆ. ಅದಕ್ಕೆ ಮೂರು ವರ್ಷ ಮೊದಲೇ ಡಿ. ಡಬ್ಲ್ಯೂ. ಗ್ರಿಫಿತ್ ‘ದಿ ಮಸ್ಕಟಿಯರ್ಸ್ ಆಫ್ ಪಿಗ್ ಆಲಿ’ ಎಂಬ ಕಿರುಚಿತ್ರದಲ್ಲಿ ನ್ಯೂಯಾರ್ಕಿನ ಗಲ್ಲಿ ರೌಡಿಗಳನ್ನು ತೋರಿಸಿದ್ದರು. ವಾಲ್ಶ್ ಪಳಗಿದ್ದು ಅದೇ ಗ್ರಿಫಿತ್ ಕೈಕೆಳಗೆ. ಯಾರು ಮೊದಲು ಎಂಬ ಲೆಕ್ಕಕ್ಕಿಂತ, ಒಬ್ಬ ಅಪರಾಧಿಯ ಮನಸ್ಸು ತಿರುಗುವುದನ್ನು ಮಾತಿಲ್ಲದೆ ತೋರಿಸಿದ್ದು ಹೇಗೆ ಎಂಬುದು ನನಗೆ ಮುಖ್ಯವೆನಿಸುತ್ತದೆ.

ಕಥೆಯ ಬೇರು ಒಬ್ಬ ನಿಜವಾದ ಮನುಷ್ಯನ ಬದುಕಿನಲ್ಲಿದೆ. ಓವನ್ ಕಿಲ್ಡೇರ್ ಹುಟ್ಟಿದ್ದು 1864ರಲ್ಲಿ, ನ್ಯೂಯಾರ್ಕಿನ ಬಡವರ ಕೇರಿಯಲ್ಲಿ. ಚಿಕ್ಕಂದಿನಲ್ಲೇ ಅನಾಥರಾಗಿ ಬೀದಿಗೆ ಬಿದ್ದು, ಬೋವರಿ ಎಂಬ ಬೀದಿಯ ಹೆಂಡದಂಗಡಿಗಳಲ್ಲಿ ಗಲಾಟೆ ಮಾಡುವವರನ್ನು ಎತ್ತಿ ಹೊರಗೆಸೆಯುವ ಕೆಲಸ ಮಾಡಿದವರು. ಮೂವತ್ತು ವರ್ಷವಾದರೂ ತಮಗೆ ಓದಲು ಬರೆಯಲು ಬರುತ್ತಿರಲಿಲ್ಲ ಎಂದು ಅವರೇ ಬರೆದುಕೊಂಡಿದ್ದಾರೆ. ಅಕ್ಷರ ಕಲಿಸಿದ್ದು ಮೇರಿ ಡೀರಿಂಗ್ ಎಂಬ ಶಾಲಾ ಶಿಕ್ಷಕಿ. ಇಬ್ಬರೂ ಮದುವೆಯಾಗಬೇಕಿತ್ತು, ಅಷ್ಟರಲ್ಲಿ ಆಕೆ ತೀರಿಕೊಂಡರು. ಆ ಋಣವನ್ನು ಕಿಲ್ಡೇರ್ ಆಕೆ ಕಲಿಸಿದ ಅಕ್ಷರಗಳಲ್ಲೇ ಬರೆದಿಟ್ಟರು. ‘ಮೈ ಮೇಮಿ ರೋಸ್’ ಎಂಬ ಆತ್ಮಕಥನ 1903ರಲ್ಲಿ ಹೊರಬಂತು, 1908ರಲ್ಲಿ ನಾಟಕವಾಯಿತು. ಸಿನಿಮಾ ನೋಡಲು ಅವರಿರಲಿಲ್ಲ, 1911ರಲ್ಲೇ ತೀರಿಕೊಂಡಿದ್ದರು.

ಸಿನಿಮಾದವರು ಒಂದು ದೊಡ್ಡ ಬದಲಾವಣೆ ಮಾಡಿದರು. ಶಾಲಾ ಶಿಕ್ಷಕಿಯನ್ನು ಸಿರಿವಂತರ ಮನೆಯ ಮಗಳನ್ನಾಗಿಸಿ, ಸಮಾಜಸೇವೆಗೆ ಇಳಿಸಿದರು. ಇದರಿಂದ ಕಥೆಗೆ ಮೇಲು ಕೀಳಿನ ಅಂತರ ಸಿಕ್ಕಿತು, ತೆರೆಯ ಮೇಲೆ ರೇಷ್ಮೆ ಉಡುಪೂ ಚಿಂದಿಬಟ್ಟೆಯೂ ಎದುರುಬದುರು ನಿಂತವು. ಆದರೂ ಸಂಬಳಕ್ಕೆ ದುಡಿಯುವ ಒಬ್ಬ ಮೇಷ್ಟರಮ್ಮ ಬೀದಿಯ ಪೈಲ್ವಾನನೊಬ್ಬನಿಗೆ ಕಾಗುಣಿತ ತಿದ್ದಿಸಿದ ಮೂಲಕಥೆಯೇ ನನಗೆ ಹೆಚ್ಚು ದೊಡ್ಡದಾಗಿ ಕಾಣುತ್ತದೆ. ಅವಳಿಗೆ ಅದು ಬಿಡುವಿನ ವೇಳೆಯ ಉದಾರತೆಯಾಗಿರಲಿಲ್ಲ.

ಇಲ್ಲಿ ಜಾಗದ ಬಗ್ಗೆ ಸ್ವಲ್ಪ ಹೇಳಬೇಕು. ಏಕೆಂದರೆ ಈ ಚಿತ್ರದಲ್ಲಿ ಜಾಗವೇ ಒಂದು ಪಾತ್ರ. ಮ್ಯಾನ್‌ಹಟನ್ನಿನ ಕೆಳಭಾಗದ ಪೂರ್ವಕ್ಕಿರುವ ಲೋಯರ್ ಈಸ್ಟ್ ಸೈಡ್ ಆಗ ಐರಿಷರು, ಜರ್ಮನರು, ಇಟಲಿಯವರು, ಪೂರ್ವ ಯುರೋಪಿನ ಯಹೂದಿಗಳು ಬಂದಿಳಿದು ತುಂಬಿಕೊಂಡ ಕೇರಿ. ಐದಾರು ಅಂತಸ್ತಿನ ವಠಾರಗಳು, ಒಳಕೋಣೆಗಳಿಗೆ ಗಾಳಿಬೆಳಕಿಲ್ಲ, ಹಿತ್ತಲ ಕಡೆ ಒಂದು ಕಟ್ಟಡದಿಂದ ಇನ್ನೊಂದಕ್ಕೆ ಕಟ್ಟಿದ ಬಟ್ಟೆ ಒಣಗಿಸುವ ಹಗ್ಗಗಳು. 1890ರಲ್ಲಿ ಜೇಕಬ್ ರೀಸ್ ತಮ್ಮ ಫೋಟೊಗಳ ಪುಸ್ತಕದಲ್ಲಿ ಈ ಬದುಕನ್ನು ತೋರಿಸಿದಾಗ ಊರಿನ ಅನುಕೂಲಸ್ಥರು ಬೆಚ್ಚಿಬಿದ್ದಿದ್ದರು. 1901ರಲ್ಲಿ ವಠಾರಗಳ ಬಗ್ಗೆ ಹೊಸ ಕಾನೂನೂ ಬಂತು. ಓದಿದ ಮಧ್ಯಮವರ್ಗದ ಯುವಕ ಯುವತಿಯರು ಇಂಥ ಕೇರಿಯಲ್ಲೇ ಮನೆ ಮಾಡಿ, ಅಲ್ಲಿಯವರಿಗೆ ಪಾಠ, ಆರೈಕೆ, ಆಟೋಟ ಒದಗಿಸುವ ‘ಸೆಟ್ಲ್‌ಮೆಂಟ್ ಹೌಸ್’ಗಳನ್ನು ನಡೆಸುತ್ತಿದ್ದರು. ನರ್ಸ್ ಆಗಿದ್ದ ಲಿಲಿಯನ್ ವಾಲ್ಡ್ 1893ರಲ್ಲಿ ಶುರುಮಾಡಿದ ಹೆನ್ರಿ ಸ್ಟ್ರೀಟ್ ಸೆಟ್ಲ್‌ಮೆಂಟ್ ಇವುಗಳಲ್ಲಿ ಹೆಸರುವಾಸಿ. ಚಿತ್ರದ ಮೇರಿ ಸೇರಿಕೊಳ್ಳುವುದು ಇಂಥದೇ ಒಂದು ಮನೆಯನ್ನು.

ವಾಲ್ಶ್ ಹುಟ್ಟಿದ್ದೂ ನ್ಯೂಯಾರ್ಕಿನಲ್ಲಿ. ಕ್ಯಾಮೆರಾ ಹೊತ್ತು ಆ ಬೀದಿಗಳಿಗೇ ಹೋದರು. ಅಲ್ಲಿ ಓಡಾಡುತ್ತಿದ್ದ ನಿರ್ಗತಿಕರು, ಕುಡುಕರು, ಪುಂಡರನ್ನೇ ಸಣ್ಣಪುಟ್ಟ ಪಾತ್ರಗಳಿಗೆ ನಿಲ್ಲಿಸಿದರು. ಹಲ್ಲು ಉದುರಿದ ಬಾಯಿ, ಮುರಿದು ಹೇಗೋ ಕೂಡಿಕೊಂಡ ಮೂಗು, ವಯಸ್ಸಿಗಿಂತ ಮೊದಲೇ ಮುದುಡಿದ ಮುಖ, ಇವನ್ನೆಲ್ಲ ಯಾವ ಬಣ್ಣ ಬಳಿಯುವವನೂ ಮಾಡಿಕೊಡಲಾರ. ಆ ಕಾಲದ ಎಷ್ಟೋ ಚಿತ್ರಗಳಲ್ಲಿ ಬಡತನ ಎಂದರೆ ಹರಕು ಪರದೆ ಇಳಿಬಿಟ್ಟ ಸೆಟ್ಟು. ಇಲ್ಲಿ ಹಾಗಲ್ಲ.

ಇಷ್ಟು ತಿಳಿದರೆ ಮೊದಲ ದೃಶ್ಯದ ಬಲ ಅರ್ಥವಾಗುತ್ತದೆ. ಹತ್ತು ವರ್ಷದ ಓವನ್ ಖಾಲಿ ಕೋಣೆಯ ಕಿಟಕಿಯಿಂದ ಕೆಳಗೆ ನೋಡುತ್ತಿದ್ದಾನೆ. ಕೆಳಗೆ ಅವನ ತಾಯಿಯ ಹೆಣ ಹೊತ್ತ ಗಾಡಿ ಹೊರಡುತ್ತಿದೆ. ಅವನು ಅಳುವುದನ್ನು ನಾವು ಹೆಚ್ಚು ಹೊತ್ತು ನೋಡುವುದಿಲ್ಲ. ಎದುರುಮನೆಯ ಮ್ಯಾಗಿ ಹುಡುಗನನ್ನು ಕರೆದುಕೊಂಡು ಹೋಗುತ್ತಾಳೆ. ಅವಳ ಕರುಳು ಒಳ್ಳೆಯದು, ಆದರೆ ಗಂಡ ಕುಡುಕ, ಕೈ ಎತ್ತುವವನು. ಹುಡುಗ ಒಂದು ದಿನ ಆ ಮನೆಯನ್ನೂ ಬಿಟ್ಟು ಬೀದಿಪಾಲಾಗುತ್ತಾನೆ. ಹದಿನೇಳರ ಹೊತ್ತಿಗೆ ಹಡಗುಕಟ್ಟೆಯಲ್ಲಿ ಕೆಲಸ. ಅಲ್ಲಿ ಗೂನುಬೆನ್ನಿನ ಹುಡುಗನೊಬ್ಬನನ್ನು ಹಿಂಸಿಸುತ್ತಿದ್ದವನಿಗೆ ಓವನ್ ಹೊಡೆಯುತ್ತಾನೆ. ಇಪ್ಪತ್ತೈದಕ್ಕೆ ಅವನು ಒಂದು ಗ್ಯಾಂಗಿನ ನಾಯಕ.

ಈ ಮೂರು ಮೆಟ್ಟಿಲುಗಳನ್ನು ಗಮನಿಸಿ. ಚಿತ್ರ ಅವನನ್ನು ಹುಟ್ಟಾ ದುಷ್ಟ ಎನ್ನುವುದಿಲ್ಲ, ಪಾಪದ ಮುದ್ದು ಮಗು ಎಂದೂ ಅನ್ನುವುದಿಲ್ಲ. ದುರ್ಬಲನ ಪರ ಎತ್ತಿದ ಅದೇ ಮುಷ್ಟಿಯೇ ಅವನನ್ನು ರೌಡಿಗಳ ಮುಖಂಡನನ್ನಾಗಿ ಮಾಡುತ್ತದೆ. ಆ ಕೇರಿಯಲ್ಲಿ ಶಕ್ತಿಗೆ ಸಿಗುವ ಉದ್ಯೋಗ ಅದೊಂದೇ. 1915ರಲ್ಲಿ ಇಂಥ ಮಾತನ್ನು ಸಿನಿಮಾದಲ್ಲಿ ಹೇಳಿದ್ದು ಸಣ್ಣ ಸಂಗತಿಯಲ್ಲ.

ಅದೇ ವರ್ಷದ ಫೆಬ್ರವರಿಯಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್, ಸಿನಿಮಾ ಒಂದು ವ್ಯಾಪಾರವಷ್ಟೇ, ಅದಕ್ಕೆ ವಾಕ್‌ಸ್ವಾತಂತ್ರ್ಯದ ರಕ್ಷಣೆ ಸಲ್ಲದು ಎಂದು ತೀರ್ಪು ಕೊಟ್ಟಿತ್ತು. ಓಹಾಯೊ ರಾಜ್ಯದ ಸೆನ್ಸಾರ್ ಮಂಡಳಿಯನ್ನು ಮ್ಯೂಚುವಲ್ ಎಂಬ ಕಂಪನಿ ಪ್ರಶ್ನಿಸಿದ್ದ ಮೊಕದ್ದಮೆ ಅದು. ಹೀಗಾಗಿ ಚಿತ್ರಗಳನ್ನು ಕತ್ತರಿಸುವ, ತಡೆಯುವ ಅಧಿಕಾರ ರಾಜ್ಯಗಳ ಕೈಯಲ್ಲಿ ಭದ್ರವಾಯಿತು. ಕಳ್ಳತನ, ಹೊಡೆದಾಟ, ಹೆಂಡದಂಗಡಿ ತೋರಿಸಬೇಕೆಂದರೆ ಕೊನೆಗೆ ಅಪರಾಧಿ ಪಶ್ಚಾತ್ತಾಪಪಡುವುದು ನಿರ್ಮಾಪಕರಿಗೆ ಸುರಕ್ಷಿತ ದಾರಿ. ಅದೇ ವರ್ಷ ಮೋರಿಸ್ ಟೂರ್ನರ್ ಮಾಡಿದ ‘ಅಲಿಯಾಸ್ ಜಿಮ್ಮಿ ವ್ಯಾಲಂಟೈನ್’ ಕೂಡ ತಿಜೋರಿ ಒಡೆಯುವವನೊಬ್ಬ ಸಜ್ಜನನಾಗುವ ಕಥೆ. ಇಂಥ ಚಿತ್ರಗಳಲ್ಲಿ ಪಶ್ಚಾತ್ತಾಪ ಕೆಲವೊಮ್ಮೆ ರಹದಾರಿ ಪತ್ರವಾಗಿಬಿಡುವ ಅಪಾಯವಿತ್ತು. ವಾಲ್ಶ್ ಆ ಅಪಾಯವನ್ನು ಹೇಗೆ ದಾಟಿದರು ಎಂದು ತಿಳಿಯಲು ಎರಡು ಮೂರು ದೃಶ್ಯಗಳನ್ನು ಹತ್ತಿರದಿಂದ ನೋಡಿದರೆ ಸಾಕು.

ಮೊದಲನೆಯದು ಗ್ರೋಗನ್ ಎಂಬವನ ಹೆಂಡದಂಗಡಿ. ಗ್ಯಾಂಗುಗಳನ್ನು ಬಗ್ಗುಬಡಿಯುತ್ತೇನೆ ಎಂದು ಹೊರಟ ಸರ್ಕಾರಿ ವಕೀಲ ಏಮ್ಸ್ ಜೊತೆ ಮೇರಿ ಮತ್ತವಳ ಕಡೆಯವರು ರೌಡಿಗಳು ಹೇಗಿರುತ್ತಾರೆ ಎಂದು ನೋಡಲು ಬರುತ್ತಾರೆ. ಬಡವರ ಕೇರಿಯನ್ನು ತಮಾಷೆಗೆ ನೋಡಿಬರುವ ಖಯಾಲಿ ಆಗ ನ್ಯೂಯಾರ್ಕಿನ ಶ್ರೀಮಂತರಲ್ಲಿ ಇದ್ದದ್ದೇ. ವಕೀಲ ಯಾರೆಂದು ಗುರುತು ಸಿಕ್ಕೊಡನೆ ಅಂಗಡಿಯಲ್ಲಿದ್ದವರೆಲ್ಲ ಸುತ್ತುವರಿಯುತ್ತಾರೆ. ಓವನ್ ಒಂದು ಮೂಲೆಯಲ್ಲಿ ಕೂತು ನೋಡುತ್ತಿರುತ್ತಾನೆ. ಅವನಿಗೂ ಇದು ಮೋಜೇ. ಆಮೇಲೆ ಮೇರಿಯ ಮುಖ ಕಣ್ಣಿಗೆ ಬೀಳುತ್ತದೆ. ಅವಳ ಮುಖ, ಅವನ ಮುಖ, ಮತ್ತೆ ಅವಳ ಮುಖ. ಫೆಲೋಸ್ ಇಲ್ಲಿ ಏನೂ ಮಾಡುವುದಿಲ್ಲ ಎಂದೇ ಹೇಳಬೇಕು. ಹುಬ್ಬು ಏರಿಸುವುದಿಲ್ಲ, ಎದೆ ಮುಟ್ಟಿಕೊಳ್ಳುವುದಿಲ್ಲ. ಮೋಜು ನೋಡುತ್ತಿದ್ದ ಕಣ್ಣಿನಿಂದ ಮೋಜು ಇಳಿದುಹೋಗುತ್ತದೆ, ಅಷ್ಟೇ. ಎದ್ದು ಬಂದು ವಕೀಲನನ್ನು ಬಿಡಿಸುತ್ತಾನೆ.

ಮೂಕಿಚಿತ್ರ ಎಂದರೆ ಕೈಬಾಯಿ ಆಡಿಸಿ ಅತಿಯಾಗಿ ನಟಿಸುವುದು ಎಂಬ ನಂಬಿಕೆ ನಮ್ಮಲ್ಲಿ ಗಟ್ಟಿಯಾಗಿದೆ. ಗ್ರಿಫಿತ್ ಬಳಗ ಕಂಡುಕೊಂಡದ್ದು ಬೇರೆಯದೇ ಉಪಾಯ. ಕ್ಯಾಮೆರಾ ಮುಖಕ್ಕೆ ಹತ್ತಿರವಾದರೆ ನಟ ಕಡಿಮೆ ಮಾಡಬೇಕು. ಒಂದು ಮುಖದ ಪಕ್ಕ ಇನ್ನೊಂದು ಮುಖ ಇಟ್ಟರೆ, ನಡುವಿನ ಅರ್ಥವನ್ನು ನೋಡುವವರೇ ಕಟ್ಟಿಕೊಳ್ಳುತ್ತಾರೆ. ಮನಸ್ಸು ತಿರುಗಿತು ಎಂದು ದೃಶ್ಯಗಳ ನಡುವೆ ಬರುವ ಅಕ್ಷರಗಳ ಫಲಕದಲ್ಲಿ ಬರೆದು ತೋರಿಸುವುದಕ್ಕಿಂತ ಇದು ಎಷ್ಟೋ ಪಾಲು ನಂಬುವಂತಿದೆ. ಗಮನಿಸಬೇಕಾದ್ದು ಇನ್ನೊಂದಿದೆ. ಆ ನೋಟದಿಂದ ಓವನ್ ಒಳ್ಳೆಯವನಾಗಿಬಿಡುವುದಿಲ್ಲ. ಅವನು ತನ್ನ ಗ್ಯಾಂಗಿಗೇ ಮರಳುತ್ತಾನೆ. ಬದಲಾಗುವುದು ಮೊದಲು ಮೇರಿ. ಮೋಜು ನೋಡಲು ಬಂದವಳು ಸೆಟ್ಲ್‌ಮೆಂಟ್ ಮನೆಗೆ ಕೆಲಸಕ್ಕೆ ಸೇರುತ್ತಾಳೆ.

ಎರಡನೆಯದು ದೋಣಿವಿಹಾರದ ಬೆಂಕಿ. ಸೆಟ್ಲ್‌ಮೆಂಟಿನವರು ಕೇರಿಯ ಹೆಂಗಸರು ಮಕ್ಕಳನ್ನೆಲ್ಲ ದೊಡ್ಡ ದೋಣಿಯಲ್ಲಿ ಕರೆದೊಯ್ಯುತ್ತಾರೆ, ಓವನ್ನೂ ಅವನ ಕಡೆಯವರೂ ಜೊತೆಗೆ ಬರುತ್ತಾರೆ. ನಡುನೀರಿನಲ್ಲಿ ಬೆಂಕಿ ಹತ್ತುತ್ತದೆ. ಮೇಲಿನ ಅಟ್ಟದಿಂದ ಜನ ಗುಂಪುಗುಂಪಾಗಿ ನೀರಿಗೆ ಹಾರುತ್ತಾರೆ. ಇವತ್ತು ನೋಡುವವರಿಗೆ ಇದೊಂದು ದೊಡ್ಡ ಸಾಹಸದೃಶ್ಯ. ಅಂದಿನ ನ್ಯೂಯಾರ್ಕಿನವರಿಗೆ ಹಾಗಿರಲು ಸಾಧ್ಯವೇ ಇರಲಿಲ್ಲ. 1904ರ ಜೂನ್ 15ರಂದು ‘ಜನರಲ್ ಸ್ಲೋಕಮ್’ ಎಂಬ ಹಬೆದೋಣಿ ಇದೇ ಲೋಯರ್ ಈಸ್ಟ್ ಸೈಡಿನ ಜರ್ಮನ್ ಚರ್ಚೊಂದರ ಜನರನ್ನು ವಿಹಾರಕ್ಕೆ ಒಯ್ಯುವಾಗ ಈಸ್ಟ್ ನದಿಯಲ್ಲಿ ಹೊತ್ತಿ ಉರಿದಿತ್ತು. ಸತ್ತವರು ಸಾವಿರಕ್ಕೂ ಹೆಚ್ಚು, ಬಹುಪಾಲು ಹೆಂಗಸರು ಮತ್ತು ಮಕ್ಕಳು. ಬೆಂಕಿ ಆರಿಸುವ ಪೈಪುಗಳು ಲಡ್ಡಾಗಿ ಒಡೆದುಹೋದವು, ತೇಲಬೇಕಿದ್ದ ಜಾಕೆಟ್ಟುಗಳೊಳಗೆ ತುಂಬಿದ್ದ ಬಿರಡೆ (ಕಾರ್ಕ್) ಪುಡಿಯಾಗಿತ್ತು. ಕೇರಿಯ ಬೀದಿಬೀದಿಯಲ್ಲಿ ಸಾವಾಗಿತ್ತು. ಹನ್ನೊಂದೇ ವರ್ಷದ ನಂತರ ಅದೇ ಊರಿನ ಪರದೆಯ ಮೇಲೆ ಉರಿಯುವ ದೋಣಿ ತೋರಿಸುವುದೆಂದರೆ, ಪ್ರೇಕ್ಷಕರ ಮನೆಯೊಳಗಿನ ಗಾಯವನ್ನೇ ಮುಟ್ಟುವುದು. ಬಡವರ ಬದುಕಿಗೆ ಬೆಲೆ ಕಟ್ಟದ ಊರಿನಲ್ಲಿ, ಕಂಡವರ ಮಕ್ಕಳನ್ನು ಉಳಿಸಲು ಮುಂದಾಗುವವನು ಒಬ್ಬ ರೌಡಿ. ಚಿತ್ರ ಇದನ್ನು ಬಾಯಿಬಿಟ್ಟು ಹೇಳಬೇಕಾದ್ದೇ ಇಲ್ಲ.

ಇದಾದ ಮೇಲೆ ಓವನ್ ಮೇರಿಯ ಬಳಿ ಅಕ್ಷರ ಕಲಿಯುತ್ತಾನೆ. ಕುಡುಕ ತಂದೆಯ ಕೈಗೆ ಸಿಕ್ಕ ಕೂಸನ್ನು ಬಿಡಿಸಿ ತಂದು ತಾಯಿಗೆ ಕೊಡುತ್ತಾನೆ. ಹಿಂದೆ ಮ್ಯಾಗಿಯ ಗಂಡನ ಮನೆಯಲ್ಲಿ ತನ್ನನ್ನು ಬಿಡಿಸಲು ಯಾರೂ ಬಂದಿರಲಿಲ್ಲ ಎಂಬುದು ನಮಗೆ ನೆನಪಿರುತ್ತದೆ.

ಮೂರನೆಯದೇ ಇಡೀ ಚಿತ್ರದ ತಿರುಳು. ಓವನ್ ಬಿಟ್ಟುಬಂದ ಗ್ಯಾಂಗಿಗೆ ಈಗ ಸ್ಕಿನ್ನಿ ಎಂಬವನು ಮುಖಂಡ. ಅವನು ಒಬ್ಬ ಪೊಲೀಸನಿಗೆ ಚೂರಿ ಹಾಕಿ, ಅಡಗಿಕೊಳ್ಳಲು ಜಾಗ ಕೇಳಿಕೊಂಡು ಓವನ್ ಬಳಿಗೆ ಬರುತ್ತಾನೆ, ಹಳೆಯ ಋಣವನ್ನು ಎತ್ತಿ ಆಡುತ್ತಾನೆ. ಓವನ್ ಅವನನ್ನು ಬಚ್ಚಿಡುತ್ತಾನೆ. ಅದೂ ಮೇರಿ ಕೆಲಸ ಮಾಡುವ ಜಾಗದಲ್ಲಿ. ಸುಲಭದ ಕಥೆಯಾಗಿದ್ದರೆ ಇಲ್ಲಿ ನಾಯಕ ನೀತಿ ಹೇಳಿ ಕಳಿಸಿಬಿಡುತ್ತಿದ್ದ. ಆದರೆ ಕೇರಿಯಲ್ಲಿ ಬೆಳೆದವನಿಗೆ ಪೊಲೀಸರಿಗೆ ಜೊತೆಗಾರನನ್ನು ಹಿಡಿದುಕೊಡುವುದಕ್ಕಿಂತ ದೊಡ್ಡ ದ್ರೋಹವಿಲ್ಲ. ಹೊಸ ಬದುಕಿನ ನಿಯಮ ಒಂದು, ಹಳೆಯ ಬದುಕಿನ ನಿಷ್ಠೆ ಇನ್ನೊಂದು. ಎರಡೂ ಅವನಿಗೆ ನಿಜ. ಬದಲಾಗಲು ಹೊರಟವನು ಎಡವುವುದು ಹೆಚ್ಚಾಗಿ ಕೆಟ್ಟತನದಿಂದಲ್ಲ, ತನ್ನ ಮಟ್ಟಿಗೆ ಒಳ್ಳೆಯದೇ ಆದ ಒಂದು ಗುಣದಿಂದ. ಈ ಸೂಕ್ಷ್ಮಕ್ಕಾಗಿಯೇ ನಾನು ಈ ಚಿತ್ರವನ್ನು ಪ್ರೀತಿಸುತ್ತೇನೆ.

ಅದರ ಬೆಲೆ ತೆರುವವಳು ಮೇರಿ. ಓವನ್ ಎಲ್ಲಿ ಹೋದ ಎಂದು ಹುಡುಕುತ್ತ ಅವಳು ಗ್ಯಾಂಗಿನ ಅಡ್ಡೆಗೇ ಹೋಗಿ ಸ್ಕಿನ್ನಿಯ ಕೈಗೆ ಸಿಗುತ್ತಾಳೆ, ತಪ್ಪಿಸಿಕೊಂಡು ಒಂದು ಗೂಡಿನಂಥ ಕೋಣೆಗೆ ನುಗ್ಗಿ ಬಾಗಿಲು ಹಾಕಿಕೊಳ್ಳುತ್ತಾಳೆ. ಒಳಗೆ ಅವಳು, ಹೊರಗೆ ಬಾಗಿಲು ಒಡೆಯುತ್ತಿರುವ ಅವನು, ದೂರದಲ್ಲಿ ಸುದ್ದಿ ತಿಳಿದು ಓಡೋಡಿ ಬರುತ್ತಿರುವ ಓವನ್. ಈ ಮೂರನ್ನೂ ಒಂದರೊಳಗೊಂದು ಹೆಣೆದು ಉಸಿರು ಬಿಗಿಹಿಡಿಸುವುದನ್ನು ವಾಲ್ಶ್ ಗ್ರಿಫಿತ್‌ನಿಂದ ಕಲಿತದ್ದು. ಆದರೆ ಗ್ರಿಫಿತ್ ಚಿತ್ರಗಳಲ್ಲಿ ರಕ್ಷಿಸುವವರು ಸಾಮಾನ್ಯವಾಗಿ ಸರಿಯಾದ ಹೊತ್ತಿಗೆ ಬಂದುಬಿಡುತ್ತಾರೆ. ಇಲ್ಲಿ ಬರುವಷ್ಟರಲ್ಲಿ ಸ್ಕಿನ್ನಿಯ ಗುಂಡು ಬಾಗಿಲು ತೂರಿ ಮೇರಿಗೆ ತಗಲುತ್ತದೆ.

ಸಾಯುವ ಮೊದಲು ಅವಳು ಸೇಡು ಬೇಡ, ಅದು ದೇವರಿಗೆ ಬಿಟ್ಟದ್ದು ಎನ್ನುತ್ತಾಳೆ. ಓವನ್ ಕೇಳುವ ಸ್ಥಿತಿಯಲ್ಲಿಲ್ಲ. ಸ್ಕಿನ್ನಿಯನ್ನು ಹಿಡಿದು ಕತ್ತು ಹಿಸುಕುವಾಗ ಮೇರಿಯ ರೂಪ ಗಾಳಿಯಲ್ಲಿ ಮೂಡುತ್ತದೆ, ಕೈ ಸಡಿಲಾಗುತ್ತದೆ. ಇದು ಮಾಡಿದ್ದು ಹೀಗೆ: ಒಮ್ಮೆ ಚಿತ್ರಿಸಿದ ಫಿಲ್ಮನ್ನು ಹಿಂದಕ್ಕೆ ಸುತ್ತಿ, ಅದರ ಮೇಲೆಯೇ ಮತ್ತೆ ಬೆಳಕು ಬೀಳಿಸುವುದು. ಎರಡೂ ಚಿತ್ರಗಳು ಒಂದರ ಮೇಲೊಂದು ಕೂತು, ಎರಡನೆಯದು ಪಾರದರ್ಶಕವಾಗಿ ಕಾಣುತ್ತದೆ. ಮಾತಿಲ್ಲದ ಕಾಲದಲ್ಲಿ ಆತ್ಮಸಾಕ್ಷಿಯನ್ನು ತೋರಿಸಲು ಇದು ಎಲ್ಲರೂ ಬಳಸುತ್ತಿದ್ದ ತಂತ್ರ.

ಬಿಟ್ಟ ಸ್ಕಿನ್ನಿ ವಠಾರದ ಬಟ್ಟೆ ಹಗ್ಗಕ್ಕೆ ಜೋತುಬಿದ್ದು, ಕೈ ಮೇಲೆ ಕೈ ಹಾಕುತ್ತ ಎದುರು ಕಟ್ಟಡದತ್ತ ದಾಟುತ್ತಾನೆ. ಕೆಳಗೆ ಅಂತಸ್ತುಗಟ್ಟಲೆ ಆಳ. ಆಗ ಆ ಗೂನುಬೆನ್ನಿನ ಗೆಳೆಯ ಗುಂಡು ಹಾರಿಸುತ್ತಾನೆ, ಸ್ಕಿನ್ನಿ ಬೀಳುತ್ತಾನೆ. ದೃಶ್ಯವಾಗಿ ಇದು ಅದ್ಭುತ. ಆದರೆ ಇಲ್ಲೊಂದು ಜಾಣತನವಿದೆ, ಅದು ನನಗೆ ಹಿಡಿಸುವುದಿಲ್ಲ. ಸೇಡು ತೀರಲೂ ಬೇಕು, ನಾಯಕನ ಕೈಗೆ ರಕ್ತ ಅಂಟಲೂ ಬಾರದು, ಅದಕ್ಕೆ ಕೊಲೆಯ ಭಾರವನ್ನು ಎಲ್ಲರಿಗಿಂತ ದುರ್ಬಲನ ಹೆಗಲಿಗೆ ಹೊರಿಸಲಾಗಿದೆ. ಅವನ ಆತ್ಮದ ಗತಿ ಏನು ಎಂದು ಚಿತ್ರ ಕೇಳುವುದೇ ಇಲ್ಲ. ನಾಯಕನ ಕೈ ಶುಭ್ರವಾಗಿಡಲು ಪಕ್ಕದ ಪಾತ್ರವನ್ನು ಬಳಸಿಕೊಳ್ಳುವ ಈ ಪದ್ಧತಿ ಇವತ್ತಿನ ಸಿನಿಮಾಗಳಲ್ಲೂ ನಿಂತಿಲ್ಲ.

ಇನ್ನು ಈ ಚಿತ್ರ ಯಾಕೆ ಇಷ್ಟು ಅಪರೂಪ ಎಂಬ ಪ್ರಶ್ನೆ. ಆ ಕಾಲದ ಚಿತ್ರಗಳೆಲ್ಲ ನೈಟ್ರೇಟ್ ಫಿಲ್ಮಿನ ಮೇಲೆ ಇದ್ದವು. ಹತ್ತಿಯಂಥ ಸಸ್ಯನಾರನ್ನು ನೈಟ್ರಿಕ್ ಆಮ್ಲದಲ್ಲಿ ಸಂಸ್ಕರಿಸಿ ಮಾಡಿದ ಪದಾರ್ಥ ಅದು, ಬಂದೂಕಿನ ಮದ್ದಿಗೆ ಹತ್ತಿರದ ನೆಂಟ. ಉರಿಯಲು ಬೇಕಾದ ಆಮ್ಲಜನಕ ಅದರೊಳಗೇ ಇರುವುದರಿಂದ ಒಮ್ಮೆ ಹೊತ್ತಿಕೊಂಡರೆ ನೀರಿನಲ್ಲಿ ಮುಳುಗಿಸಿದರೂ ಆರದು. ಹೊತ್ತಿಕೊಳ್ಳದೆ ಸುಮ್ಮನಿದ್ದರೂ ತಾನಾಗಿ ಕೊಳೆಯುತ್ತದೆ. ಮೊದಲು ಚಿತ್ರ ಮಾಸುತ್ತದೆ, ಆಮೇಲೆ ಮೇಲ್ಮೈ ಅಂಟಂಟಾಗಿ ಸುತ್ತುಗಳು ಒಂದಕ್ಕೊಂದು ಹತ್ತಿಕೊಳ್ಳುತ್ತವೆ, ಗುಳ್ಳೆ ಏಳುತ್ತದೆ, ಇಡೀ ರೀಲು ಗಟ್ಟಿ ಮುದ್ದೆಯಾಗುತ್ತದೆ, ಕೊನೆಗೆ ಡಬ್ಬಿಯಲ್ಲಿ ಉಳಿಯುವುದು ಕಂದು ಪುಡಿ. ಕೊಳೆಯುವಾಗ ಹೊರಬರುವ ಆಮ್ಲದ ಆವಿ ಪಕ್ಕದ ರೀಲನ್ನೂ ಕೆಡಿಸುತ್ತದೆ. 1950ರ ದಶಕದ ಆರಂಭದವರೆಗೂ ಇದೇ ಫಿಲ್ಮ್ ಬಳಕೆಯಲ್ಲಿತ್ತು.

ಫಾಕ್ಸ್ ಚಿತ್ರಗಳಿಗೆ ಇದರ ಜೊತೆ ಇನ್ನೊಂದು ಗಂಡಾಂತರ ಬಂತು. 1937ರ ಜುಲೈ 9ರಂದು, ಬಿರುಬೇಸಿಗೆಯಲ್ಲಿ, ನ್ಯೂಜೆರ್ಸಿಯ ಲಿಟಲ್ ಫೆರ್ರಿಯಲ್ಲಿದ್ದ ಉಗ್ರಾಣದಲ್ಲಿ ನೈಟ್ರೇಟ್ ರೀಲುಗಳಿಗೆ ಬೆಂಕಿ ಬಿತ್ತು. ಫಾಕ್ಸ್‌ನ ಮೂಕಿಚಿತ್ರಗಳ ಬಹುಭಾಗ ಅಂದೇ ಬೂದಿಯಾಯಿತು. ಬೆಂಕಿಗೆ ಹೋಗದವನ್ನು ಕಂಪನಿಗಳೇ ಕಳೆದವು. ಟಾಕಿ ಬಂದ ಮೇಲೆ ಮೂಕಿಗೆ ಮಾರುಕಟ್ಟೆ ಇರಲಿಲ್ಲ, ರೀಲಿನಲ್ಲಿದ್ದ ಬೆಳ್ಳಿಯನ್ನು ತೆಗೆದುಕೊಂಡು ಉಳಿದದ್ದನ್ನು ಎಸೆಯುವುದು ವಾಡಿಕೆ. ಅಮೆರಿಕದ ಲೈಬ್ರರಿ ಆಫ್ ಕಾಂಗ್ರೆಸ್ 2013ರಲ್ಲಿ ಪ್ರಕಟಿಸಿದ ಸಮೀಕ್ಷೆಯ ಪ್ರಕಾರ ಅಲ್ಲಿನ ಸುಮಾರು 11,000 ಪೂರ್ಣಪ್ರಮಾಣದ ಮೂಕಿಚಿತ್ರಗಳಲ್ಲಿ ಮೂಲರೂಪದಲ್ಲಿ ಉಳಿದಿರುವುದು ಶೇ 14 ಮಾತ್ರ. ನಮ್ಮ ಕಥೆ ಇದಕ್ಕಿಂತ ನೋವಿನದು. 1934ರಲ್ಲಿ ತೆರೆಕಂಡ ಕನ್ನಡದ ಮೊದಲ ವಾಕ್ಚಿತ್ರ ‘ಸತಿ ಸುಲೋಚನ’ದ ಪ್ರಿಂಟೇ ನಮ್ಮ ಬಳಿ ಇಲ್ಲ. ಅದರ ಸ್ಥಿರಚಿತ್ರಗಳನ್ನು, ಜಾಹೀರಾತನ್ನು ನೋಡಿ ಸಮಾಧಾನಪಡುವ ನಮಗೆ, ಕಳೆದ ಚಿತ್ರವೊಂದು ಮರಳಿ ಸಿಗುವುದೆಂದರೆ ಏನೆಂದು ಯಾರೂ ಹೇಳಿಕೊಡಬೇಕಿಲ್ಲ.

‘ರೀಜನರೇಷನ್’ ಸಿಕ್ಕಿದ್ದು 1970ರ ದಶಕದಲ್ಲಿ, ನ್ಯೂಯಾರ್ಕಿನಿಂದ ಸಾವಿರಾರು ಮೈಲಿ ದೂರದ ಮಾಂಟಾನಾ ರಾಜ್ಯದ ಮಿಸೂಲ ಎಂಬ ಊರಿನಲ್ಲಿ, ಒಂದು ಕಟ್ಟಡದ ನೆಲಮಾಳಿಗೆಯಲ್ಲಿ. ಗುರುತಿಸಿ ಉಳಿಸಿದವರು ಚಲನಚಿತ್ರ ಸಂರಕ್ಷಕ ಡೇವಿಡ್ ಶೆಪರ್ಡ್. ದೂರದ ಊರುಗಳಲ್ಲಿ ಹೀಗೆ ಚಿತ್ರಗಳು ಸಿಗುವುದಕ್ಕೆ ಕಾರಣವಿದೆ. ಪ್ರಿಂಟು ದೊಡ್ಡ ನಗರಗಳಲ್ಲಿ ಓಡಿ, ಸಣ್ಣ ಊರು ಸುತ್ತಿ, ಕಟ್ಟಕಡೆಯ ಟಾಕೀಸಿಗೆ ಬರುವಷ್ಟರಲ್ಲಿ ಸವೆದಿರುತ್ತಿತ್ತು, ವಾಪಸು ಕಳಿಸುವ ಖರ್ಚಿಗೂ ಅದು ಬಾಳುತ್ತಿರಲಿಲ್ಲ. ಕೆನಡಾದ ಡಾಸನ್ ಸಿಟಿಯಲ್ಲಿ 1978ರಲ್ಲಿ ಹಿಮಗಟ್ಟಿದ ನೆಲದಡಿ ಐನೂರಕ್ಕೂ ಹೆಚ್ಚು ರೀಲುಗಳು ಸಿಕ್ಕಿದ್ದೂ ಇದೇ ಕಾರಣಕ್ಕೆ. ತಣ್ಣನೆಯ ಹವೆ ನೈಟ್ರೇಟಿನ ಆಯುಸ್ಸು ಹೆಚ್ಚಿಸಿತ್ತು. ವಾಲ್ಶ್ ಬದುಕಿದ್ದದ್ದು 1980ರ ಡಿಸೆಂಬರಿನವರೆಗೆ. ತಾನು ಇಪ್ಪತ್ತೆಂಟರಲ್ಲಿ ಮಾಡಿದ ಕೆಲಸ ಮತ್ತೆ ಬೆಳಕಿಗೆ ಬಂದಾಗ ಅವರಿನ್ನೂ ಇದ್ದರು. ಅಷ್ಟರೊಳಗೆ ಅವರು ‘ದಿ ರೋರಿಂಗ್ ಟ್ವೆಂಟೀಸ್’, ‘ಹೈ ಸಿಯೆರಾ’, ‘ವೈಟ್ ಹೀಟ್’ ಮಾಡಿ ಗ್ಯಾಂಗ್‌ಸ್ಟರ್ ಚಿತ್ರಗಳ ದೊಡ್ಡ ಹೆಸರಾಗಿದ್ದರು. 2000ದಲ್ಲಿ ‘ರೀಜನರೇಷನ್’ ಅಮೆರಿಕದ ರಾಷ್ಟ್ರೀಯ ಚಲನಚಿತ್ರ ದಾಖಲೆಗೆ ಸೇರಿತು.

ಈಗ ಇದರ ಹಕ್ಕುಸ್ವಾಮ್ಯ ಮುಗಿದಿದೆ, ಅಂತರ್ಜಾಲದಲ್ಲಿ ಪುಕ್ಕಟೆಯಾಗಿ ನೋಡಬಹುದು. ಒಂದು ಗಂಟೆ ಹತ್ತು ಹನ್ನೆರಡು ನಿಮಿಷದ ಚಿತ್ರ. ಬೇರೆ ಬೇರೆ ಪ್ರತಿಗಳಿವೆ. ಜನ ಬೊಂಬೆಗಳಂತೆ ದಡಬಡ ಓಡಾಡುತ್ತಿದ್ದರೆ ಅದು ತಪ್ಪು ವೇಗದಲ್ಲಿ ಹಾಕಿದ ಪ್ರತಿ. ಮೂಕಿಗಳನ್ನು ಈಗ ವಾಡಿಕೆಯಲ್ಲಿರುವ ಸೆಕೆಂಡಿಗೆ 24 ಚೌಕಟ್ಟಿಗಿಂತ ಕಡಿಮೆ ವೇಗದಲ್ಲಿ ಚಿತ್ರಿಸುತ್ತಿದ್ದರು. ನಡಿಗೆ ಸಹಜವಾಗಿ ಕಾಣುವ ಪ್ರತಿಯನ್ನೇ ಹುಡುಕಿ. ಕೆಲವು ಕಡೆ ಚಿತ್ರದ ಅಂಚಿನಿಂದ ಬಿಳಿಯ ಕಲೆಗಳು ಹಬ್ಬಿ ಮುಖಗಳನ್ನು ನುಂಗುವಂತೆ ಕಾಣುತ್ತವೆ. ಅದು ನೈಟ್ರೇಟ್ ಕೊಳೆತ ಗುರುತು, ನಿಮ್ಮ ಫೋನಿನ ತೊಂದರೆಯಲ್ಲ. ಸಂಗೀತ ಆಮೇಲೆ ಸೇರಿಸಿದ್ದು, ಇಷ್ಟವಾಗದಿದ್ದರೆ ದನಿ ಪೂರ್ತಿ ತಗ್ಗಿಸಿ ನೋಡಿ. ಗ್ರೋಗನ್ ಅಂಗಡಿಯ ದೃಶ್ಯ ಬಂದಾಗಲಂತೂ ಹಿಂದೆ ನಿಂತ ಜನರ ಮುಖಗಳನ್ನೂ ಒಮ್ಮೆ ನೋಡಿ. ಅವರಲ್ಲಿ ಎಷ್ಟೋ ಮಂದಿ ಆ ಕೇರಿಯವರೇ.